ಹೆಸರನ್ನು ಎರವಲು ಕೊಡುವ ಮುನ್ನ: ಲಾರ್ಡ್ ಡಫರಿನ್ ಜೀವನದ ಪಾಠ

ಬಂಡವಾಳವೆಂದೊಡನೆ ನಮಗೆ ನೆನಪಾಗುವುದು ಹಣ, ಸರಕು, ಯಂತ್ರ, ಮಳಿಗೆ. ಇವೆಲ್ಲಕ್ಕೂ ಅಢಾವೆ ಪತ್ರಿಕೆಯಲ್ಲಿ ಒಂದೊಂದು ಸಾಲು ಮೀಸಲಾಗಿದೆ. ಆದರೆ ವರ್ತಕನೊಬ್ಬನು ಮೂವತ್ತು ನಲವತ್ತು ವರ್ಷ ದುಡಿದು ಪೇಟೆಯಲ್ಲಿ ಸಂಪಾದಿಸಿದ ಹೆಸರು, ಅಂದರೆ ಅವನ ಪತ್ತು, ಸಾಮಾನ್ಯವಾಗಿ ಅಲ್ಲಿ ಕಾಣಿಸುವುದಿಲ್ಲ. ಕಣ್ಣಿಗೆ ಕಾಣದ ಈ ಆಸ್ತಿಯನ್ನು ಇತರರಿಗೆ ಎರವಲು ಕೊಡುವುದು ಬಹಳ ಸುಲಭ. ಒಂದು ಸಹಿ ಸಾಕು. ಅದನ್ನು ಕೊಟ್ಟಂತೆಯೇ ಮರಳಿ ಪಡೆಯುವುದು ಮಾತ್ರ ಸುಲಭವಲ್ಲ.

ಈ ಮಾತಿಗೆ 19ನೆಯ ಶತಮಾನದ ಒಬ್ಬ ಬ್ರಿಟಿಷ್ ಶ್ರೀಮಂತನ ಜೀವನಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು. ಆತ ಲಾರ್ಡ್ ಡಫರಿನ್. ಭಾರತದ ವೈಸ್‌ರಾಯ್ ಆಗಿದ್ದವರೆಂದು ಶಾಲಾ ಪಠ್ಯದಲ್ಲಿ ಅವರ ಹೆಸರನ್ನು ನಾವು ಓದಿದ್ದೇವೆ. ವೈಸ್‌ರಾಯ್ ಪದವಿಯ ಅನಂತರ ಅವರು ಒಂದು ಹಣಕಾಸು ಕಂಪನಿಯ ಅಧ್ಯಕ್ಷರಾದ ಸಂಗತಿ ಪಠ್ಯಪುಸ್ತಕಗಳಲ್ಲಿಲ್ಲ. ವಾಣಿಜ್ಯ ಕ್ಷೇತ್ರದಲ್ಲಿರುವ ನಾವು ಮುಖ್ಯವಾಗಿ ತಿಳಿಯಬೇಕಾದುದು ಆ ಭಾಗವನ್ನೇ.

ಹುಟ್ಟು ಮತ್ತು ಆಸ್ತಿ

ಫ್ರೆಡರಿಕ್ ಹ್ಯಾಮಿಲ್ಟನ್-ಟೆಂಪಲ್-ಬ್ಲ್ಯಾಕ್‌ವುಡ್ ಎಂಬುದು ಅವರ ಪೂರ್ಣ ಹೆಸರು. 1826ರ ಜೂನ್ 21ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನನ. ತಾಯಿ ಹೆಲೆನ್, ಪ್ರಸಿದ್ಧ ನಾಟಕಕಾರ ರಿಚರ್ಡ್ ಬ್ರಿನ್ಸ್‌ಲಿ ಶೆರಿಡನ್ನನ ಮೊಮ್ಮಗಳು. 1841ರಲ್ಲಿ ತಂದೆ ತೀರಿಕೊಂಡಾಗ ಹದಿನೈದು ವರ್ಷದ ಹುಡುಗ ಬ್ಯಾರನ್ ಪದವಿಗೂ ಉತ್ತರ ಐರ್ಲೆಂಡಿನ ಡೌನ್ ಪ್ರಾಂತದಲ್ಲಿದ್ದ ಕ್ಲಾಂಡೆಬಾಯ್ ಜಮೀನಿಗೂ ವಾರಸುದಾರನಾದನು. ಶಿಕ್ಷಣ ಈಟನ್ ಶಾಲೆಯಲ್ಲಿ, ಅನಂತರ ಆಕ್ಸ್‌ಫರ್ಡಿನಲ್ಲಿ.

1847ರಲ್ಲಿ, ಐರ್ಲೆಂಡಿನ ಮಹಾಕ್ಷಾಮದ ದಿನಗಳಲ್ಲಿ, ತರುಣ ಡಫರಿನ್ ಸ್ಕಿಬರೀನ್ ಎಂಬ ಊರಿಗೆ ಹೋಗಿ ಅಲ್ಲಿನ ಹಸಿವು ಸಾವುಗಳನ್ನು ಕಣ್ಣಾರೆ ಕಂಡು, ಒಂದು ವರದಿಯನ್ನು ಪ್ರಕಟಿಸಿದರು. ತಮ್ಮ ಗೇಣಿದಾರರ ವಿಷಯದಲ್ಲಿ ಅವರು ಕಠಿಣ ಜಮೀನ್ದಾರರಾಗಿರಲಿಲ್ಲ. ಜಮೀನಿನ ಸುಧಾರಣೆಗೆ, ಬಂಗಲೆಗೆ, ಉದ್ಯಾನಕ್ಕೆ ಧಾರಾಳವಾಗಿ ವೆಚ್ಚ ಮಾಡಿದರು. ತಾಯಿಯ ಗೌರವಾರ್ಥ ಬೆಟ್ಟದ ಮೇಲೆ ‘ಹೆಲೆನ್ಸ್ ಟವರ್’ ಎಂಬ ಗೋಪುರವನ್ನು ಕಟ್ಟಿಸಿದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಐರ್ಲೆಂಡಿನ ಜಮೀನ್ದಾರರಿಗೂ ಅನ್ವಯಿಸುತ್ತದೆ. ಗೇಣಿಯ ಉತ್ಪನ್ನಕ್ಕಿಂತ ಖರ್ಚು ಮುಂದೆ ಓಡಿತು. ಜಾನ್ ಮಲ್‌ಹಾಲಂಡ್ ಎಂಬ ನಾರುಬಟ್ಟೆಯ ಗಿರಣಿ ಮಾಲೀಕರಿಂದ ಜಮೀನಿನ ಆಧಾರದ ಮೇಲೆ ದೊಡ್ಡ ಸಾಲವಾಯಿತು. 1870ರ ದಶಕದಲ್ಲಿ ಜಮೀನಿನ ಹೆಚ್ಚಿನ ಭಾಗವನ್ನು ಮಾರಬೇಕಾಯಿತು. ಪಿತ್ರಾರ್ಜಿತ ಭೂಮಿಯ ಒಡೆಯನು ಒಬ್ಬ ಕೈಗಾರಿಕೋದ್ಯಮಿಗೆ ಋಣಿಯಾದದ್ದು ಆ ಕಾಲದ ಬದಲಾವಣೆಯ ಒಂದು ಲಕ್ಷಣವೇ ಸರಿ.

ಭೂಮಿ ಕರಗಿದ ಮೇಲೆ ಡಫರಿನ್‌ರ ನಿಜವಾದ ಆಸ್ತಿಯೆಂದರೆ ಅವರ ಹೆಸರು. ಅದನ್ನು ಅವರು ಗಳಿಸಿದ ಬಗೆ ಮಾತ್ರ ಅಸಾಧಾರಣವಾದುದು.

ರಾಜತಂತ್ರದ ನಾಲ್ಕು ದಶಕಗಳು

1860ರಲ್ಲಿ ಲೆಬನಾನ್ ಮತ್ತು ಡಮಾಸ್ಕಸ್‌ಗಳಲ್ಲಿ ನಡೆದ ಗಲಭೆಗಳಲ್ಲಿ ಸಾವಿರಾರು ಕ್ರೈಸ್ತರು ಹತರಾದರು. ಐದು ಯುರೋಪಿಯನ್ ರಾಷ್ಟ್ರಗಳು ತನಿಖಾ ಆಯೋಗವನ್ನು ರಚಿಸಿದವು. ಬ್ರಿಟನ್ನಿನ ಪ್ರತಿನಿಧಿಯಾಗಿ ಹೋದ ಡಫರಿನ್‌ಗೆ ಆಗ ಕೇವಲ ಮೂವತ್ತನಾಲ್ಕು ವರ್ಷ. ಫ್ರಾನ್ಸಿನ ಸೇನೆ ಅಲ್ಲಿ ಬಂದಿಳಿದಿತ್ತು. ತುರ್ಕಿಯ ಸುಲ್ತಾನನ ಅಧಿಕಾರ ಅಲುಗಾಡುತ್ತಿತ್ತು. ಯಾರ ಮುಖಕ್ಕೂ ಭಂಗ ಬಾರದಂತೆ ಮಾತುಕತೆ ನಡೆಸುವ ಅವರ ಜಾಣ್ಮೆ ಅಲ್ಲಿ ಮೊದಲ ಬಾರಿಗೆ ಬೆಳಕಿಗೆ ಬಂದಿತು. 1861ರಲ್ಲಿ ಲೆಬನಾನಿಗೆ ಸುಲ್ತಾನನ ಅಧೀನದಲ್ಲಿಯೇ ಸ್ವಂತ ಆಡಳಿತ ವ್ಯವಸ್ಥೆ ರೂಪುಗೊಂಡಿತು.

ಅನಂತರದ್ದು ಒಂದೇ ಸಮನೆ ಏರುಗತಿ. 1872ರಿಂದ 1878ರವರೆಗೆ ಕೆನಡಾದ ಗವರ್ನರ್ ಜನರಲ್. 1879ರಲ್ಲಿ ರಷ್ಯಾಕ್ಕೆ, 1881ರಲ್ಲಿ ತುರ್ಕಿಗೆ ರಾಯಭಾರಿ. ಡಫರಿನ್ ಲಿಬರಲ್ ಪಕ್ಷದವರು. ಆದರೂ ಅವರನ್ನು ರಷ್ಯಾಕ್ಕೆ ಕಳುಹಿಸಿದ್ದು ಎದುರು ಪಕ್ಷದ ಪ್ರಧಾನಿ ಡಿಸ್ರೇಲಿ. ಎರಡೂ ಪಕ್ಷಗಳು ನಂಬುವ ಹೆಸರಾಗಿತ್ತು ಅದು. 1882ರಲ್ಲಿ ಬ್ರಿಟನ್ ಈಜಿಪ್ಟನ್ನು ಆಕ್ರಮಿಸಿಕೊಂಡಾಗ, ಅಲ್ಲಿಗೆ ತೆರಳಿ ಆಡಳಿತ ಸುಧಾರಣೆಯ ವರದಿ ಸಿದ್ಧಪಡಿಸಿದವರೂ ಇವರೇ. ವೈಸ್‌ರಾಯ್ ಪದವಿಯ ಅನಂತರ ಇಟಲಿ ಮತ್ತು ಫ್ರಾನ್ಸ್‌ಗಳಲ್ಲಿ ರಾಯಭಾರಿಯಾಗಿದ್ದು 1896ರಲ್ಲಿ ನಿವೃತ್ತರಾದರು.

ಆದರೆ ಪದವಿಯೊಡನೆ ಖರ್ಚೂ ಏರಿತು. ರಾಯಭಾರಿಯ ಮನೆಯ ಔತಣ, ನೃತ್ಯಕೂಟ, ಆತಿಥ್ಯಗಳಿಗೆ ಅವರು ಕೈ ಹಿಡಿದವರಲ್ಲ. ಹೆಸರು ಬೆಳೆಯಿತು, ಮನೆಯ ಲೆಕ್ಕ ಸರಿಹೋಗಲಿಲ್ಲ.

ಭಾರತದಲ್ಲಿ ನಾಲ್ಕು ವರ್ಷ

1884ರ ಡಿಸೆಂಬರಿನಿಂದ 1888ರ ಡಿಸೆಂಬರಿನವರೆಗೆ ಡಫರಿನ್ ಭಾರತದ ವೈಸ್‌ರಾಯ್ ಆಗಿದ್ದರು. 1885ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಭಾರತ ರಾಷ್ಟ್ರೀಯ ಕಾಂಗ್ರೆಸ್ ಸ್ಥಾಪನೆಯಾದದ್ದು ಅವರ ಕಾಲದಲ್ಲಿಯೇ. ಮೂರು ವರ್ಷಗಳ ಅನಂತರ ಕಲ್ಕತ್ತೆಯ ಒಂದು ಔತಣಕೂಟದಲ್ಲಿ ಅವರು ವಿದ್ಯಾವಂತ ಭಾರತೀಯರನ್ನು ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣಬಲ್ಲ ಅಲ್ಪಸಂಖ್ಯಾತರೆಂದು ಕರೆದು ಹೊರಟರು. ಇತಿಹಾಸವು ಆ ಅಂದಾಜನ್ನು ಒಪ್ಪಲಿಲ್ಲ. ಅವರ ಪತ್ನಿ ಹ್ಯಾರಿಯಟ್ 1885ರಲ್ಲಿ ಸ್ಥಾಪಿಸಿದ ನಿಧಿಯು ಭಾರತೀಯ ಮಹಿಳೆಯರಿಗೆ ಮಹಿಳಾ ವೈದ್ಯರ ಚಿಕಿತ್ಸೆ ದೊರಕಿಸಲು ಶ್ರಮಿಸಿತು; ಆಕೆಯ ಹೆಸರಿನ ಆಸ್ಪತ್ರೆಗಳು ಹಲವು ನಗರಗಳಲ್ಲಿ ತಲೆಯೆತ್ತಿದವು.

ವರ್ತಕರ ದೃಷ್ಟಿಯಿಂದ ಅವರ ಅವಧಿಯ ಎರಡು ಘಟನೆಗಳು ಗಮನಾರ್ಹ.

ಮೊದಲನೆಯದು ಬರ್ಮಾದ ಯುದ್ಧ. ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ ಎಂಬ ಕಂಪನಿಯು ಬರ್ಮಾದ ಕಾಡುಗಳಲ್ಲಿ ತೇಗ ಕಡಿಯುವ ಗುತ್ತಿಗೆ ಪಡೆದಿತ್ತು. ಕಡಿದ ದಿಮ್ಮಿಗಳ ಸಂಖ್ಯೆಯನ್ನು ಕಡಿಮೆ ತೋರಿಸಿ ರಾಜಧನ ತಪ್ಪಿಸಿದೆಯೆಂದು 1885ರಲ್ಲಿ ರಾಜ ಥೀಬಾನ ಸರ್ಕಾರವು ಸುಮಾರು 23 ಲಕ್ಷ ರೂಪಾಯಿ ದಂಡ ವಿಧಿಸಿತು. ಅಲ್ಲಿ ಫ್ರೆಂಚರ ಪ್ರಭಾವ ಬೆಳೆಯುತ್ತಿದ್ದುದು ಬ್ರಿಟಿಷರಿಗೆ ಹೆಚ್ಚಿನ ಆತಂಕದ ವಿಷಯವಾಗಿತ್ತು. ದಿಮ್ಮಿಗಳ ವಿವಾದ ನೆಪವನ್ನೊದಗಿಸಿತು. ನವೆಂಬರಿನಲ್ಲಿ ಸೇನೆ ಹೊರಟಿತು. ತಿಂಗಳೊಳಗೆ ಮಂಡಾಲೆ ವಶವಾಯಿತು. ಥೀಬಾ ನಮ್ಮ ನೆರೆಯ ರತ್ನಾಗಿರಿಗೆ ಸೆರೆಯಾಳಾಗಿ ಬಂದನು. 1886ರ ಜನವರಿ 1ರಂದು ಉತ್ತರ ಬರ್ಮಾವು ಬ್ರಿಟಿಷ್ ಸಾಮ್ರಾಜ್ಯಕ್ಕೆ ಸೇರಿತು. ಡಫರಿನ್‌ರ ಬಿರುದಿಗೆ ಬರ್ಮಾದ ಹಳೆಯ ರಾಜಧಾನಿ ‘ಆವಾ’ದ ಹೆಸರೂ ಸೇರಿ, 1888ರಲ್ಲಿ ಅವರು ಡಫರಿನ್ ಮತ್ತು ಆವಾದ ಮಾರ್ಕ್ವಿಸ್ ಎನಿಸಿದರು.

ಎರಡನೆಯದು ನಮಗೆಲ್ಲ ಇನ್ನೂ ಹತ್ತಿರದ್ದು: 1886ರ ಆದಾಯ ತೆರಿಗೆ ಕಾಯಿದೆ. ಆದಾಯ ತೆರಿಗೆಯು 1860ರಲ್ಲಿಯೇ ಬಂದಿದ್ದರೂ ಅದು ಆಗಾಗ ಬಂದು ಹೋಗುವ ಅತಿಥಿಯಂತಿತ್ತು. ಆಫ್ಘಾನ್ ಗಡಿಯಲ್ಲಿ ರಷ್ಯಾದ ಭೀತಿ, ಬರ್ಮಾದ ಯುದ್ಧ ಮತ್ತು ರೂಪಾಯಿಯ ಕುಸಿತದಿಂದ ಬೊಕ್ಕಸಕ್ಕೆ ಬಿದ್ದ ಹೊರೆಯನ್ನು ತುಂಬಲು ಹಣಕಾಸು ಸದಸ್ಯ ಆಕ್‌ಲೆಂಡ್ ಕಾಲ್ವಿನ್ ಅದನ್ನು ಶಾಶ್ವತವಾಗಿ ನೆಲೆಗೊಳಿಸಿದರು. ವರ್ಷಕ್ಕೆ 500 ರೂಪಾಯಿಗಿಂತ ಕಡಿಮೆ ವರಮಾನದವರಿಗೆ ವಿನಾಯಿತಿ. ಕೃಷಿ ಉತ್ಪನ್ನಕ್ಕೂ ವಿನಾಯಿತಿ. ಸಂಬಳ, ಕಂಪನಿಗಳ ಲಾಭ, ಸಾಲಪತ್ರಗಳ ಬಡ್ಡಿ, ಇತರ ಮೂಲಗಳು ಎಂದು ವರಮಾನದ ನಾಲ್ಕು ವರ್ಗಗಳು. ವರಮಾನವನ್ನು ಮೂಲಗಳಿಗನುಸಾರ ವಿಂಗಡಿಸುವ ಇಂದಿನ ಕ್ರಮದ ಬೇರು ಇಲ್ಲಿದೆ. ಅಂದು ನೇರ ಬ್ರಿಟಿಷ್ ಆಡಳಿತದಲ್ಲಿದ್ದ ಧಾರವಾಡ, ಬೆಳಗಾವಿ, ಬಳ್ಳಾರಿ, ಮಂಗಳೂರು ಭಾಗದ ವರ್ತಕರು ಈ ಕಾಯಿದೆಯ ವ್ಯಾಪ್ತಿಗೆ ಬಂದರು. 1918ರವರೆಗೆ, ಅಂದರೆ ಮೂವತ್ತೆರಡು ವರ್ಷ, ಅದು ಜಾರಿಯಲ್ಲಿತ್ತು.

ಲೆಕ್ಕಪತ್ರ ತೋರಿಸಿರೆಂದು ಭಾರತದ ವರ್ತಕರನ್ನು ಕೇಳಿದ ಸರ್ಕಾರದ ಮುಖ್ಯಸ್ಥರು, ಹತ್ತು ವರ್ಷಗಳ ಅನಂತರ ತಾವೇ ಒಂದು ಕಂಪನಿಯ ಲೆಕ್ಕಪತ್ರದ ಮುಂದೆ ಕುಳಿತರು.

ಅಧ್ಯಕ್ಷರ ಕುರ್ಚಿ

1896ರಲ್ಲಿ ಡಫರಿನ್ ನಿವೃತ್ತರಾದಾಗ ಅವರಿಗೆ ಎಪ್ಪತ್ತು ವರ್ಷ. ಜಮೀನಿನ ಬಹುಭಾಗ ಕೈಬಿಟ್ಟಿತ್ತು. ಕುಟುಂಬದ ಮುಂದಿನ ದಿನಗಳ ಚಿಂತೆಯಿತ್ತು. ಆಗ ಎದುರಾದವನು ವಿಟೇಕರ್ ರೈಟ್. ಅಮೆರಿಕದ ಗಣಿ ವ್ಯವಹಾರಗಳಲ್ಲಿ ಒಮ್ಮೆ ಗಳಿಸಿ, ಒಮ್ಮೆ ಕಳೆದುಕೊಂಡು ಇಂಗ್ಲೆಂಡಿಗೆ ಮರಳಿದ್ದ ಈತ, ಪಶ್ಚಿಮ ಆಸ್ಟ್ರೇಲಿಯದ ಚಿನ್ನದ ಗಣಿಗಳ ಷೇರುಗಳಿಗೆ ಲಂಡನ್ನಿನಲ್ಲಿ ಎದ್ದಿದ್ದ ಬೇಡಿಕೆಯ ಅಲೆಯನ್ನು ಏರಿದ್ದನು. 1897ರಲ್ಲಿ ಅವನು 20 ಲಕ್ಷ ಪೌಂಡ್ ಬಂಡವಾಳದೊಡನೆ ಲಂಡನ್ ಅಂಡ್ ಗ್ಲೋಬ್ ಫೈನಾನ್ಸ್ ಕಾರ್ಪೊರೇಷನ್ನನ್ನು ಹೊಸದಾಗಿ ಕಟ್ಟಿದನು. ಅಧ್ಯಕ್ಷರಾಗಿ ಬಂದವರು ಡಫರಿನ್. ಕೆನಡಾದ ಗಣಿಗಳಿಗಾಗಿ ಸ್ಥಾಪಿಸಿದ ಬ್ರಿಟಿಷ್ ಅಮೆರಿಕ ಕಾರ್ಪೊರೇಷನ್ನಿಗೂ ಅವರೇ ಅಧ್ಯಕ್ಷರು. ಕೆನಡಾದ ಮಾಜಿ ಗವರ್ನರ್ ಜನರಲ್‌ರ ಹೆಸರು ಕೆನಡಾದ ಗಣಿ ಕಂಪನಿಯ ವಿವರಣಪತ್ರದ ಮೇಲಿದ್ದರೆ ಸಾಮಾನ್ಯ ಹೂಡಿಕೆದಾರನು ಬೇರೇನನ್ನು ಕೇಳುತ್ತಾನೆ?

ಆ ಕಾಲದ ಲಂಡನ್ನಿನಲ್ಲಿ ಇಂಥ ನಿರ್ದೇಶಕರಿಗೆ ‘ಗಿನಿ ಪಿಗ್’ ಎಂಬ ಅಡ್ಡಹೆಸರಿತ್ತು. ಸಭೆಗೆ ಬಂದು ಒಂದು ಗಿನಿ ಶುಲ್ಕ ಪಡೆದು ಹೋಗುವವರೆಂಬುದು ಅದರ ವ್ಯಂಗ್ಯಾರ್ಥ. ಡಫರಿನ್ ಅಂಥ ಉದಾಸೀನದ ವ್ಯಕ್ತಿಯಾಗಿರಲಿಲ್ಲ. ತಮ್ಮ ಸ್ವಂತ ಹಣವನ್ನೂ ಷೇರುಗಳಲ್ಲಿ ತೊಡಗಿಸಿದ್ದರು. ಅವರು ಮೋಸಗಾರರಲ್ಲ, ಸೋಮಾರಿಯೂ ಅಲ್ಲ. ಆದರೆ ಲೆಕ್ಕ ಓದಬಲ್ಲವರಾಗಿರಲಿಲ್ಲ. ಓದಬಲ್ಲ ಒಬ್ಬ ಸ್ವತಂತ್ರ ವ್ಯಕ್ತಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲೂ ಇಲ್ಲ.

ರೈಟ್‌ನ ವಿಧಾನವನ್ನು ಲೆಕ್ಕಪರಿಶೋಧಕರ ಭಾಷೆಯಲ್ಲಿ ಹೇಳುವುದಾದರೆ ಅದು ಸೋದರ ಕಂಪನಿಗಳ ನಡುವಣ ವರ್ಗಾವಣೆ. ಗ್ಲೋಬ್, ಬ್ರಿಟಿಷ್ ಅಮೆರಿಕ, ಸ್ಟ್ಯಾಂಡರ್ಡ್ ಎಕ್ಸ್‌ಪ್ಲೊರೇಷನ್ ಮುಂತಾದ ಕಂಪನಿಗಳ ಹಿಂದೆ ಇದ್ದ ಕೈ ಒಂದೇ. ಅಢಾವೆ ಪತ್ರಿಕೆಯ ದಿನಾಂಕ ಸಮೀಪಿಸಿದಂತೆ ಒಂದು ಕಂಪನಿಯ ಹಣ, ಷೇರುಗಳು ಇನ್ನೊಂದರ ಪುಸ್ತಕಕ್ಕೆ ಬರುತ್ತಿದ್ದವು; ನಷ್ಟವು ಬೇರೆಡೆಗೆ ಸರಿಯುತ್ತಿತ್ತು. ಆ ಒಂದು ದಿನದ ಮಟ್ಟಿಗೆ ಗ್ಲೋಬ್‌ನ ತಿಜೋರಿ ತುಂಬಿ ಕಾಣುತ್ತಿತ್ತು. ಇತ್ತ ಲಂಡನ್ನಿನ ನೆಲದಡಿಯ ಬೇಕರ್ ಸ್ಟ್ರೀಟ್ – ವಾಟರ್‌ಲೂ ರೈಲುಮಾರ್ಗದ ನಿರ್ಮಾಣವನ್ನು ವಹಿಸಿಕೊಂಡದ್ದರಿಂದ ದೊಡ್ಡ ಮೊತ್ತ ಅಲ್ಲಿ ಸಿಕ್ಕಿಹಾಕಿಕೊಂಡಿತು. ಅತ್ತ ಆಸ್ಟ್ರೇಲಿಯದ ಲೇಕ್ ವ್ಯೂ ಗಣಿಯಲ್ಲಿ ಸಮೃದ್ಧ ಅದಿರಿನ ಪದರ ಮುಗಿಯಿತು. ಅದರ ಷೇರಿನ ಬೆಲೆಯನ್ನು ಎತ್ತಿಹಿಡಿಯಲು ಗ್ಲೋಬ್ ತನ್ನ ಹಣವನ್ನೇ ಸುರಿಯಿತು.

1900ರ ಡಿಸೆಂಬರಿನ ಮಧ್ಯದಲ್ಲಿ ಷೇರುದಾರರ ಸಭೆ ಕೂಡಿತು. ಪ್ರಪಂಚದ ನಾಲ್ಕು ರಾಜಧಾನಿಗಳಲ್ಲಿ ಭಾಷಣಕಾರರೆನಿಸಿದ್ದ ಡಫರಿನ್ ಅಂದೂ ಸೊಗಸಾಗಿ ಮಾತನಾಡಿ ರೈಟ್‌ನನ್ನು ಸಮರ್ಥಿಸಿದರು. ಸಭೆಗೆ ಸಮಾಧಾನವಾಯಿತು. ಎರಡು ವಾರಗಳೊಳಗೆ, ಡಿಸೆಂಬರಿನ ಕೊನೆಯ ದಿನಗಳಲ್ಲಿ, ಕಂಪನಿ ಪಾವತಿ ನಿಲ್ಲಿಸಿತು. ಅದರೊಡನೆ ಲಂಡನ್ ಷೇರುಪೇಟೆಯ ಹತ್ತಕ್ಕೂ ಹೆಚ್ಚು ದಲ್ಲಾಳಿ ಸಂಸ್ಥೆಗಳು ದಿವಾಳಿಯಾದವು. ಅಧ್ಯಕ್ಷರ ಹೆಸರನ್ನು ನಂಬಿ ಉಳಿತಾಯವನ್ನು ತೊಡಗಿಸಿದ್ದ ಸಾಮಾನ್ಯ ಕುಟುಂಬಗಳು ಬರಿಗೈಯಾದವು.

ಆ ವರ್ಷ ಡಫರಿನ್‌ರ ಪಾಲಿಗೆ ಮೊದಲೇ ದುಃಖದ್ದಾಗಿತ್ತು. ಜನವರಿಯಲ್ಲಿ ಹಿರಿಯ ಮಗ ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಲೇಡಿಸ್ಮಿತ್ ಬಳಿ ಗಾಯಗೊಂಡು ಮೃತನಾಗಿದ್ದನು. ವರ್ಷಾಂತ್ಯದಲ್ಲಿ ಇನ್ನೊಬ್ಬ ಮಗನಿಗೆ ತೀವ್ರ ಗಾಯವಾದ ಸುದ್ದಿ ಬಂದಿತು. ಅವನನ್ನು ನೋಡಲು ಹೊರಟಿದ್ದ ತಂದೆ, ಕಂಪನಿ ಮುಳುಗಿದ್ದು ತಿಳಿದೊಡನೆ ಪ್ರಯಾಣ ನಿಲ್ಲಿಸಿ, 1901ರ ಜನವರಿಯಲ್ಲಿ ಷೇರುದಾರರ ಮುಂದೆ ನಿಂತರು. ತಾವು ಹೇಗೆ ಈ ಸಂಸ್ಥೆಗೆ ಬಂದೆವೆಂಬುದನ್ನು ಮರೆಮಾಚದೆ ವಿವರಿಸಿದರು. ಆ ಧೈರ್ಯವನ್ನು ಯಾರೂ ಅಲ್ಲಗಳೆಯಲಿಲ್ಲ. ಅವರ ಪ್ರಾಮಾಣಿಕತೆಯ ಮೇಲೆ ಕಳಂಕ ಬರಲಿಲ್ಲ. ಆದರೆ ಅದರಿಂದ ಯಾವ ಷೇರುದಾರನಿಗೂ ಹಣ ಮರಳಲಿಲ್ಲ. ಆರೋಗ್ಯ ಕೆಟ್ಟು ಕ್ಲಾಂಡೆಬಾಯ್‌ಗೆ ಹಿಂತಿರುಗಿದ ಡಫರಿನ್ 1902ರ ಫೆಬ್ರುವರಿ 12ರಂದು ನಿಧನರಾದರು.

ಮತ್ತೊಬ್ಬ ವೈಸ್‌ರಾಯ್

ರೈಟ್‌ನ ಮೇಲೆ ಮೊಕದ್ದಮೆ ಹೂಡಲು ಸರ್ಕಾರವು ಹಿಂಜರಿಯಿತು. ಇದ್ದ ಕಾನೂನು ಸಾಲದೆಂಬುದು ಅಟಾರ್ನಿ ಜನರಲ್‌ರ ಅಭಿಪ್ರಾಯ. ಕೊನೆಗೆ ಖಾಸಗಿಯಾಗಿ ಮೊಕದ್ದಮೆ ಹೂಡಲಾಯಿತು. 1903ರಲ್ಲಿ ನ್ಯೂಯಾರ್ಕಿಗೆ ಓಡಿಹೋಗಿದ್ದ ರೈಟ್‌ನನ್ನು ಬಂಧಿಸಿ ಕರೆತಂದರು. ಅಭಿಯೋಜನೆಯ ವಕೀಲ ರುಫಸ್ ಐಸಾಕ್ಸ್. ಅವರು ತಾರುಣ್ಯದಲ್ಲಿ ಲಂಡನ್ ಷೇರುಪೇಟೆಯ ಸದಸ್ಯರಾಗಿದ್ದು, 1884ರಲ್ಲಿ ಬಾಕಿ ತೀರಿಸಲಾಗದೆ ಹೊರಬಿದ್ದು, ಅನಂತರ ವಕೀಲಿ ವೃತ್ತಿಗೆ ಬಂದವರು. ಪೇಟೆಯ ಪೆಟ್ಟು ತಿಂದ ಆ ಕಣ್ಣುಗಳು ಗ್ಲೋಬ್‌ನ ಲೆಕ್ಕಪತ್ರಗಳನ್ನು ಸಾಲು ಸಾಲಾಗಿ ಓದಿದವು. 1904ರ ಜನವರಿ 26ರಂದು ರೈಟ್‌ಗೆ ಏಳು ವರ್ಷಗಳ ಕಠಿಣ ಶಿಕ್ಷೆಯಾಯಿತು. ನ್ಯಾಯಾಲಯದ ಕಟ್ಟಡದಲ್ಲಿಯೇ ಅವನು ವಿಷ ಸೇವಿಸಿ ಪ್ರಾಣಬಿಟ್ಟನು.

ಇದೇ ರುಫಸ್ ಐಸಾಕ್ಸ್ ಮುಂದೆ ಲಾರ್ಡ್ ರೀಡಿಂಗ್ ಎನಿಸಿ, 1921ರಿಂದ 1926ರವರೆಗೆ ಭಾರತದ ವೈಸ್‌ರಾಯ್ ಆದರು. 1922ರ ಆದಾಯ ತೆರಿಗೆ ಕಾಯಿದೆ ಜಾರಿಗೆ ಬಂದದ್ದು ಅವರ ಅವಧಿಯಲ್ಲಿ. ಎರಡು ತೆರಿಗೆ ಕಾಯಿದೆಗಳು, ಇಬ್ಬರು ವೈಸ್‌ರಾಯ್‌ಗಳು; ಒಬ್ಬರು ಓದದೆ ನಂಬಿದ ಲೆಕ್ಕವನ್ನು ಇನ್ನೊಬ್ಬರು ಓದಿ ಸುಳ್ಳೆಂದು ತೋರಿಸಿದರು.

ನಮ್ಮ ವರ್ತಕರಿಗೆ ಇದರ ಅನ್ವಯ

ಇದು ದೊಡ್ಡವರ ಕಥೆ, ನಮಗೇಕೆ ಎಂದು ಕೇಳಬಹುದು. 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಅಧ್ಯಕ್ಷರು, ಬ್ಯಾಂಕಿನಲ್ಲಿದೆಯೆಂದು ತೋರಿಸಿದ ಹಣದಲ್ಲಿ 5,000 ಕೋಟಿ ರೂಪಾಯಿಗೂ ಹೆಚ್ಚು ಇಲ್ಲವೇ ಇಲ್ಲವೆಂದು ಒಪ್ಪಿಕೊಂಡಾಗ, ಆ ಮಂಡಳಿಯಲ್ಲಿಯೂ ಖ್ಯಾತನಾಮರಿದ್ದರು. ಆದರೆ ಈ ರೋಗ ದೊಡ್ಡ ಕಂಪನಿಗಳಿಗೆ ಸೀಮಿತವಲ್ಲ. ನಮ್ಮ ಸಣ್ಣ ಉದ್ಯಮಗಳಲ್ಲಿ ಅದು ಬೇರೆ ವೇಷದಲ್ಲಿ ಬರುತ್ತದೆ.

ಖಾಸಗಿ ಕಂಪನಿಗೆ ಇಬ್ಬರು ನಿರ್ದೇಶಕರು ಬೇಕೆಂಬ ಕಾರಣಕ್ಕೆ ಪತ್ನಿಯ, ಭಾವಮೈದುನನ, ನಿವೃತ್ತ ತಂದೆಯ ಹೆಸರನ್ನು ಸೇರಿಸುವುದು ರೂಢಿ. ‘ನೀವು ಸಹಿ ಮಾಡಿ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ’ ಎಂಬ ಮಾತನ್ನು ನಮ್ಮ ವೃತ್ತಿಯವರು ದಿನನಿತ್ಯ ಕೇಳುತ್ತೇವೆ. 2013ರ ಕಂಪನಿ ಕಾಯಿದೆಯ 166ನೆಯ ಕಲಮು ಪ್ರತಿಯೊಬ್ಬ ನಿರ್ದೇಶಕನೂ ತಕ್ಕ ಎಚ್ಚರ, ಕೌಶಲ, ಸ್ವತಂತ್ರ ವಿವೇಚನೆಯಿಂದ ವರ್ತಿಸಬೇಕೆಂದು ವಿಧಿಸುತ್ತದೆ. ಹೆಸರಿಗೆ ಮಾತ್ರ ನಿರ್ದೇಶಕನೆಂಬ ವರ್ಗ ಅದರಲ್ಲಿಲ್ಲ. 2017ರಲ್ಲಿ, ಸತತ ಮೂರು ವರ್ಷ ವಾರ್ಷಿಕ ವರದಿ ಸಲ್ಲಿಸದ ಕಂಪನಿಗಳ ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನು 164ನೆಯ ಕಲಮಿನಡಿ ಅನರ್ಹಗೊಳಿಸಲಾಯಿತು. ಒಂದು ಕಂಪನಿಯ ಲೋಪಕ್ಕೆ, ಸುಸ್ಥಿತಿಯಲ್ಲಿದ್ದ ಇನ್ನೊಂದು ಕಂಪನಿಯ ಕುರ್ಚಿಯನ್ನೂ ಕಳೆದುಕೊಳ್ಳಬೇಕಾದ ಪರಿಸ್ಥಿತಿ ಅದು.

ಪಾಲುದಾರಿಕೆಯಲ್ಲಿ ಅಪಾಯ ಇನ್ನೂ ಹೆಚ್ಚು. 1932ರ ಪಾಲುದಾರಿಕೆ ಕಾಯಿದೆಯ 28ನೆಯ ಕಲಮಿನಂತೆ, ತಾನು ಪಾಲುದಾರನೆಂದು ಹೇಳಿಕೊಂಡವನು, ಅಥವಾ ಇತರರು ಹಾಗೆ ಹೇಳುವುದನ್ನು ತಿಳಿದೂ ಸುಮ್ಮನಿದ್ದವನು, ಆ ಮಾತನ್ನು ನಂಬಿ ಸಾಲ ಕೊಟ್ಟವನಿಗೆ ಪಾಲುದಾರನಂತೆಯೇ ಹೊಣೆಗಾರ. ಒಂದು ಪೈಸೆಯ ಬಂಡವಾಳ ಹಾಕಿರದಿದ್ದರೂ, ಲಾಭದಲ್ಲಿ ಪಾಲು ಪಡೆದಿರದಿದ್ದರೂ ಹೊಣೆ ತಪ್ಪದು.

ಇನ್ನು ಬ್ಯಾಂಕಿನ ಜಾಮೀನು. ಸ್ನೇಹಿತನ ಸಾಲಕ್ಕೆ ಸಹಿ ಹಾಕುವಾಗ ‘ಅವನು ಕೊಡದಿದ್ದರೆ ತಾನೇ ನನ್ನ ಸರದಿ’ ಎಂದುಕೊಳ್ಳುತ್ತೇವೆ. 1872ರ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಗೆ ಸರಿಸಮ. ಬ್ಯಾಂಕು ಮೊದಲು ಸಾಲಗಾರನ ಬಾಗಿಲು ತಟ್ಟಿಯೇ ನಿಮ್ಮ ಬಳಿ ಬರಬೇಕೆಂದೇನೂ ಇಲ್ಲ.

ಹಾಗೆಂದು ಯಾರಿಗೂ ಸಹಾಯ ಮಾಡಬಾರದೆಂದು ಅರ್ಥವಲ್ಲ. ಪರಸ್ಪರ ನಂಬಿಕೆಯಿಲ್ಲದೆ ಪೇಟೆ ಒಂದು ದಿನವೂ ನಡೆಯದು. ಆದರೆ ಹೆಸರು ಕೊಡುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಈ ಸಂಸ್ಥೆಯ ಮೂರು ವರ್ಷಗಳ ಲೆಕ್ಕಪತ್ರವನ್ನು ನಾನು ಓದಿದ್ದೇನೆಯೇ, ಅಥವಾ ಓದಬಲ್ಲ ಸ್ವತಂತ್ರ ವ್ಯಕ್ತಿಯಿಂದ ಓದಿಸಿದ್ದೇನೆಯೇ? ಮಾರ್ಚ್ 31ರಂದು ಕಾಣುವ ಬ್ಯಾಂಕ್ ಶಿಲ್ಕು ಏಪ್ರಿಲ್ 15ರಂದೂ ಇದೆಯೇ? ಸೋದರ ಸಂಸ್ಥೆಗಳಿಗೆ ಹೋದ ಹಣ ಯಾವ ಕಾರಣಕ್ಕೆ ಹೋಯಿತು, ಮರಳಿ ಬಂದಿತೇ? ಕೊನೆಯದಾಗಿ, ನನ್ನನ್ನು ಕರೆದಿರುವುದು ನನ್ನ ತಿಳಿವಳಿಕೆಗಾಗಿಯೋ, ನನ್ನ ಹೆಸರಿಗಾಗಿ ಮಾತ್ರವೋ?

ಕೊನೆಯ ಪ್ರಶ್ನೆಯ ಉತ್ತರ ‘ಹೆಸರಿಗಾಗಿ’ ಎಂದಾದರೆ, ಮೊದಲ ಮೂರರ ಉತ್ತರ ದೊರೆಯುವ ತನಕ ಪೆನ್ನು ಜೇಬಿನಲ್ಲಿಯೇ ಇರಲಿ. ಚಕ್ರವರ್ತಿಗಳ ಆಸ್ಥಾನಗಳಲ್ಲಿ ನಾಲ್ಕು ದಶಕ ಮೋಸಹೋಗದ ಚತುರ ರಾಯಭಾರಿಯೊಬ್ಬರು ಒಂದು ಅಢಾವೆ ಪತ್ರಿಕೆಯ ಮುಂದೆ ಸೋತರು. ಅವರಿಗಿದ್ದ ವಿದ್ಯೆ, ಅನುಭವ, ಸಜ್ಜನಿಕೆಗಳಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಅವರು ಕೇಳದೆ ಬಿಟ್ಟದ್ದು ನಮ್ಮ ಪೇಟೆಯ ಸಾಮಾನ್ಯ ಗುಮಾಸ್ತನೂ ದಿನದ ಕೊನೆಗೆ ಕೇಳುವ ಪ್ರಶ್ನೆಯನ್ನು: ಪುಸ್ತಕದ ಶಿಲ್ಕಿಗೂ ಪೆಟ್ಟಿಗೆಯ ಶಿಲ್ಕಿಗೂ ತಾಳೆಯಾಗುತ್ತದೆಯೇ?